ಕರಾಚಿಗೆ ಹೋದ ಕಣಜಗಳು

ಗೋವಾ ಕಡೆಗೆ ಹೊರಟ ಬೆಂಗಳೂರಿನ ಬಸ್ಸುಗಳು ಕಾರವಾರದಲ್ಲಿ ಹತ್ತು ನಿಮಿಷ ನಿಂತರೆ ಜನ ಇಳಿದು ನೋಡುವುದು ಎರಡನ್ನು. ಒಂದು ಕಡಲು. ಇನ್ನೊಂದು ಟ್ಯಾಗೋರ್ ತೀರದ ಮರಳಿನ ಅಂಚಿನಲ್ಲಿ ಕಟ್ಟೆಯೇರಿ ಕೂತ ಬೂದು ಬಣ್ಣದ ಯುದ್ಧನೌಕೆ, ಐಎನ್ಎಸ್ ಚಪಲ್. ಉದ್ದ 40 ಮೀಟರೂ ಇಲ್ಲ. ಎರಡೂ ಪಕ್ಕೆಗಳಲ್ಲಿ ದೊಡ್ಡ ಪೀಪಾಯಿಗಳಂಥ ಕ್ಷಿಪಣಿ ಗೂಡುಗಳು. 1971ರಲ್ಲಿ ಕರಾಚಿಯನ್ನು ಸುಟ್ಟ ಹಡಗು ಇದೇ ಎಂದು ಮಕ್ಕಳಿಗೆ ಹೇಳುವ ಅಪ್ಪಂದಿರು ಅಲ್ಲಿ ದಿನವೂ ಸಿಗುತ್ತಾರೆ. ಪತ್ರಿಕೆಗಳಲ್ಲೂ ಹಾಗೆಂದು ಅಚ್ಚಾದದ್ದುಂಟು.

ಚಪಲ್ ನೌಕಾಪಡೆಗೆ ಸೇರಿದ್ದು 1976ರ ನವೆಂಬರ್ 4ರಂದು. ಯುದ್ಧ ಮುಗಿದು ಆಗಲೇ ಐದು ವರ್ಷವಾಗುತ್ತ ಬಂದಿತ್ತು. ಕರಾಚಿಗೆ ಹೋದವರು ಇದರ ಅಣ್ಣಂದಿರು: ಇದೇ ಮೈಕಟ್ಟಿನ, ಸ್ವಲ್ಪ ಹಳೆಯ ಮಾದರಿಯ ಎಂಟು ದೋಣಿಗಳ ತಂಡದವರು. ಅವುಗಳಲ್ಲಿ ಯಾವುದೂ ಕಾರವಾರದಲ್ಲಿಲ್ಲ. ಆದರೂ ಆ ಕಾಳಗ ಹೇಗೆ ನಡೆಯಿತು ಎಂದು ತಿಳಿಯಲು ಚಪಲ್‌ಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿಲ್ಲ. ಅದರ ಒಳಗೆ ಬಗ್ಗಿಕೊಂಡು ನಡೆದವರಿಗೆ ಒಂದು ಸಂಗತಿ ಹೇಳದೆಯೇ ಹೊಳೆಯುತ್ತದೆ. ಇದು ದೂರ ಪ್ರಯಾಣಕ್ಕೆ ಮಾಡಿದ್ದಲ್ಲ. ಉಗ್ರಾಣವಿಲ್ಲ, ಕಾಲು ಚಾಚಲು ಎಡೆಯಿಲ್ಲ, ಇರುವ ಜಾಗವೆಲ್ಲ ಎಂಜಿನ್‌ಗೂ ಕ್ಷಿಪಣಿಗೂ ಮೀಸಲು.

ರಷ್ಯನ್ನರು ಈ ದೋಣಿಗೆ ‘ಪ್ರಾಜೆಕ್ಟ್ 205’ ಎಂದು ಸಂಖ್ಯೆ ಕೊಟ್ಟಿದ್ದರು. ಪಶ್ಚಿಮದ ದೇಶಗಳು ಅದನ್ನು ‘ಓಸಾ’ ಎಂದು ಕರೆದವು. ರಷ್ಯನ್ ಭಾಷೆಯಲ್ಲಿ ಹಾಗೆಂದರೆ ಕಣಜದ ಹುಳು. ತೂಕ ಸುಮಾರು 200 ಟನ್. ತಲಾ 4,000 ಅಶ್ವಶಕ್ತಿಯ ಮೂರು ಡೀಸೆಲ್ ಎಂಜಿನ್‌ಗಳು, ಒಂದೊಂದರಲ್ಲೂ ನಕ್ಷತ್ರದಂತೆ ಸುತ್ತ ಜೋಡಿಸಿದ 42 ಸಿಲಿಂಡರ್‌ಗಳು. ವೇಗ 38 ನಾಟ್‌ನಷ್ಟು, ಅಂದರೆ ಗಂಟೆಗೆ 70 ಕಿಲೋಮೀಟರು. ನೀರಿನ ಮೇಲೆ ಅದು ಭಯಂಕರ ವೇಗ. ಆಯುಧ ನಾಲ್ಕೇ ನಾಲ್ಕು ಪಿ-15 ಕ್ಷಿಪಣಿ. ನ್ಯಾಟೊ ದೇಶಗಳ ಬಾಯಲ್ಲಿ ಅದು ‘ಸ್ಟಿಕ್ಸ್’. ಒಂದೊಂದೂ ಎರಡು ಟನ್ನಿಗೂ ಹೆಚ್ಚು ಭಾರ, ಮೂತಿಯಲ್ಲಿ ಅರ್ಧ ಟನ್ನಿನ ಸಿಡಿತಲೆ. 40 ಕಿಲೋಮೀಟರ್ ದೂರದ ಹಡಗನ್ನು ತನ್ನದೇ ರಡಾರಿನಿಂದ ಹುಡುಕಿಕೊಂಡು ಹೋಗಿ ಬಡಿಯುತ್ತದೆ. ಆ ನಾಲ್ಕನ್ನು ಹಾರಿಸಿಬಿಟ್ಟ ಮೇಲೆ ದೋಣಿಯಲ್ಲಿ ಉಳಿಯುವುದು ಎರಡು ಜೋಡಿ 30 ಮಿಲಿಮೀಟರ್ ತೋಪುಗಳು ಮತ್ತು ಓಟ.

ಈ ಪುಟಾಣಿ ದೋಣಿಗಳನ್ನು ಜಗತ್ತು ಗಂಭೀರವಾಗಿ ನೋಡಿದ್ದು 1967ರ ಅಕ್ಟೋಬರ್ 21ರಂದು. ಪೋರ್ಟ್ ಸೈದ್ ಬಂದರಿನ ಒಳಗಿದ್ದ ಈಜಿಪ್ಟಿನ ಕೋಮಾರ್ ಎಂಬ ಕ್ಷಿಪಣಿ ದೋಣಿಗಳು ಇದೇ ಸ್ಟಿಕ್ಸ್ ಹಾರಿಸಿ ಇಸ್ರೇಲಿನ ವಿಧ್ವಂಸಕ ನೌಕೆ ಐಲಾತ್ ಅನ್ನು ಮುಳುಗಿಸಿದವು. ಆದರೆ ಅವು ಬಂದರು ಬಿಟ್ಟು ಕದಲಿರಲಿಲ್ಲ. ಸೋವಿಯತ್ ಲೆಕ್ಕಾಚಾರವೂ ಅದೇ ಆಗಿತ್ತು. ಓಸಾ ಅಂದರೆ ಮನೆಬಾಗಿಲು ಕಾಯುವ ದೋಣಿ, ಶತ್ರು ತೀರಕ್ಕೆ ಬಂದರೆ ಹೊರಗೆ ಹಾರಿ ಕಚ್ಚಿ ಒಳಗೆ ಸೇರಿಕೊಳ್ಳಬೇಕು. ಸಣ್ಣ ದೋಣಿಯ ಯುದ್ಧ ನಮ್ಮ ಕರಾವಳಿಗೂ ಹೊಸದಲ್ಲ. 1510ರಲ್ಲಿ ಕೆಂಪು ಸಮುದ್ರದ ಕಡೆ ಹೊರಟಿದ್ದ ಪೋರ್ಚುಗೀಸರ ಆಲ್ಬುಕರ್ಕನನ್ನು ಗೋವಾದತ್ತ ತಿರುಗಿಸಿದ ಹೊನ್ನಾವರದ ತಿಮ್ಮೋಜನ ಬಲವೆಲ್ಲ ಹಗುರವಾದ ಹುಟ್ಟಿನ ದೋಣಿಗಳಲ್ಲೇ ಇತ್ತು. ಅವನೂ ಹೊಳೆಬಾಯಿಗಳ ಆಸರೆ ಬಿಟ್ಟು ದೂರ ಹೋದವನಲ್ಲ. ಸಣ್ಣ ದೋಣಿಗೆ ತೀರ ಬಿಟ್ಟರೆ ಬದುಕಿಲ್ಲ ಎಂಬುದು ಹಳೆಯ ತಿಳಿವಳಿಕೆ. ಅದನ್ನು 1971ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆ ಮುರಿಯಿತು. ಹೇಗೆ ಮುರಿಯಿತು ಎಂದು ಕೇಳಿದರೆ ನಾನು ಕ್ಷಿಪಣಿಗಿಂತ ಮೊದಲು ಹಗ್ಗದ ಹೆಸರು ಹೇಳುತ್ತೇನೆ.

ಎಂಟು ದೋಣಿಗಳು ಸೋವಿಯತ್ ಒಕ್ಕೂಟದಿಂದ ಸರಕು ಹಡಗುಗಳ ಮೇಲೆ ಕೂತು ಬಂದವು. ವಿದ್ಯುತ್, ವಿಜೇತ, ವಿನಾಶ್, ನಿಪಾತ್, ನಾಶಕ್, ನಿರ್ಭೀಕ್, ನಿರ್ಘಾತ್, ವೀರ್. ಅವುಗಳ ಸಿಬ್ಬಂದಿ ವ್ಲಾಡಿವೊಸ್ಟಾಕ್‌ನ ಹಿಮದಲ್ಲಿ ತಿಂಗಳುಗಟ್ಟಲೆ ತರಬೇತಿ ಪಡೆದು, ರಷ್ಯನ್ ಕಲಿತು ಬಂದಿದ್ದರು. ದೋಣಿಗಳು ಬೇಕಾಗಿದ್ದದ್ದು ಬೊಂಬಾಯಿಯಲ್ಲಿ. ಆದರೆ ಅಷ್ಟು ಭಾರವನ್ನು ಎತ್ತಿ ನೀರಿಗಿಳಿಸುವ ಕ್ರೇನು ಆಗ ಬೊಂಬಾಯಿಯಲ್ಲಿರಲಿಲ್ಲ, ಕಲ್ಕತ್ತೆಯಲ್ಲಿತ್ತು. ಹಾಗಾಗಿ ದೋಣಿಗಳು ಕಲ್ಕತ್ತೆಯಲ್ಲಿ ಇಳಿದವು. ಅಲ್ಲಿಂದ ದೊಡ್ಡ ಹಡಗುಗಳ ಹಿಂದೆ ಹಗ್ಗ ಕಟ್ಟಿ, ಪೂರ್ವ ಕರಾವಳಿ ಇಳಿದು, ಶ್ರೀಲಂಕಾ ಸುತ್ತಿ, ಪಶ್ಚಿಮ ಕರಾವಳಿ ಹತ್ತಿ ಬೊಂಬಾಯಿಗೆ ಎಳೆದು ತಂದರು. ಮಂಗಳೂರು, ಮಲ್ಪೆ, ಕಾರವಾರದ ಮುಂದಿನ ಕಡಲಲ್ಲೇ ಅವು ಹಾದು ಹೋಗಿರಬೇಕು. ಕ್ರೇನಿನ ಕೊರತೆಯಿಂದ ಬಂದ ಈ ಪಾಡು ಒಂದು ಪಾಠವನ್ನೂ ಕಲಿಸಿತು. ಓಸಾ ತನ್ನ ಇಂಧನ ಮುಟ್ಟದೆ ಸಾವಿರಾರು ಮೈಲಿ ಹೋಗಬಲ್ಲದು, ಎಳೆಯುವವರಿದ್ದರೆ.

ಬೊಂಬಾಯಿಯಿಂದ ಕರಾಚಿಗೆ ಸುಮಾರು 500 ನಾಟಿಕಲ್ ಮೈಲಿ. ಪೂರ್ಣ ವೇಗಕ್ಕೆ ಹತ್ತಿರದ ಓಟದಲ್ಲಿ ಓಸಾದ ಇಂಧನ ಮುಗಿಯುವುದೂ ಹೆಚ್ಚುಕಡಿಮೆ ಅಷ್ಟರಲ್ಲೇ. ಹೋಗುವುದಕ್ಕೆ ಸಾಕು, ಬರುವುದಕ್ಕಿಲ್ಲ. ಆಗಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಸರ್ದಾರಿಲಾಲ್ ಮಥ್ರಾದಾಸ್ ನಂದಾ ಮತ್ತು ಅವರ ಅಧಿಕಾರಿಗಳು ಹಿಡಿದದ್ದು ಈ ಗಂಟನ್ನೇ. ಎಳೆಯುವ ಅಭ್ಯಾಸ ನಡೆಯಿತು, ಕಡಲ ಮಧ್ಯೆ ಇಂಧನ ತುಂಬಿಸುವ ಏರ್ಪಾಡಾಯಿತು. ದೋಣಿಗಳನ್ನು ಮೊದಲೇ ಸೌರಾಷ್ಟ್ರದ ತೀರಕ್ಕೆ ಸರಿಸಿ ದಾರಿಯನ್ನೂ ಮೊಟಕು ಮಾಡಿದರು.

ನಂದಾ ಅವರಿಗೆ ಕರಾಚಿ ನಕ್ಷೆಯಲ್ಲಿ ಮಾತ್ರ ಗೊತ್ತಿದ್ದ ಊರಲ್ಲ. ಅವರು ಬೆಳೆದದ್ದು ಆ ಬಂದರಿನ ಬಾಯಲ್ಲಿರುವ ಮನೋರಾದಲ್ಲಿ, ನೌಕಾಪಡೆ ಸೇರುವ ಮೊದಲು ಕೆಲಸ ಮಾಡಿದ್ದು ಕರಾಚಿ ಬಂದರು ಮಂಡಳಿಯಲ್ಲಿ. ಬಾಲ್ಯದ ಊರನ್ನು ಸುಡಲು ಯೋಜನೆ ಹಾಕಬೇಕಾಗಿ ಬಂದದ್ದು ದೇಶ ವಿಭಜನೆಯ ಒಂದು ವಕ್ರ ಗತಿ. ಮುಂದೆ ಅವರು ಬರೆದ ಆತ್ಮಕಥೆಗೆ ‘ದಿ ಮ್ಯಾನ್ ಹೂ ಬಾಂಬ್ಡ್ ಕರಾಚಿ’ ಎಂದೇ ಹೆಸರಿಟ್ಟರು.

ಅವರ ಹಿಂದೆ 1965ರ ಅವಮಾನವೂ ಇತ್ತು. ಆ ಸೆಪ್ಟೆಂಬರ್ 7ರ ರಾತ್ರಿ ಪಾಕಿಸ್ತಾನದ ಏಳು ಹಡಗುಗಳು ಬಂದು ದ್ವಾರಕೆಯ ಮೇಲೆ ಗುಂಡು ಸುರಿಸಿ ಹಿಂತಿರುಗಿದ್ದವು. ಹಾನಿ ಹೇಳಿಕೊಳ್ಳುವಷ್ಟಿರಲಿಲ್ಲ. ಆದರೆ ಪೋರಬಂದರಿನ ಉತ್ತರಕ್ಕೆ ಹೋಗಬಾರದೆಂಬ ದೆಹಲಿಯ ಆದೇಶದಿಂದ ಕೈಕಟ್ಟಿ ಕೂತ ನೌಕಾಪಡೆಗೆ ಅದು ಮುಖಕ್ಕೆ ಹೊಡೆದಂತಾಗಿತ್ತು. ಆ ಏಳರಲ್ಲಿ ಒಂದರ ಹೆಸರು ‘ಟಿಪ್ಪು ಸುಲ್ತಾನ್’ ಎಂಬುದನ್ನು ಕನ್ನಡದ ಓದುಗರಿಗೆ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಮಂಗಳೂರಿನ ಕಡೆ ಯುದ್ಧನೌಕೆಗಳ ದೊಡ್ಡ ಪಡೆ ಕಟ್ಟಲು 1790ರ ದಶಕದಲ್ಲಿ ಅಪ್ಪಣೆ ಹೊರಡಿಸಿ, ಅದು ಕೈಗೂಡುವ ಮೊದಲೇ ಶ್ರೀರಂಗಪಟ್ಟಣದಲ್ಲಿ ಬಿದ್ದ ಅರಸನ ಹೆಸರು ಕೊನೆಗೆ ಕರಾಚಿಯ ಹಡಗೊಂದಕ್ಕೆ ಅಂಟಿತು. ನಮ್ಮ ಕಥೆಗೆ ಬೇಕಾದದ್ದು ಆ ಏಳರಲ್ಲಿ ಇನ್ನೆರಡು: ಖೈಬರ್ ಮತ್ತು ಷಾ ಜಹಾನ್.

1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಾಯುಪಡೆ ನಮ್ಮ ವಿಮಾನ ನೆಲೆಗಳ ಮೇಲೆ ಎರಗಿತು. ಯುದ್ಧ ಶುರುವಾಯಿತು. ಮರುದಿನ ರಾತ್ರಿಯೇ ಕರಾಚಿ. ಕಾರ್ಯಾಚರಣೆಯ ಹೆಸರು ‘ಟ್ರೈಡೆಂಟ್’, ಅಂದರೆ ತ್ರಿಶೂಲ. ದೋಣಿಗಳೂ ಮೂರೇ: ನಿಪಾತ್, ನಿರ್ಘಾತ್, ವೀರ್. ಕ್ಷಿಪಣಿ ದೋಣಿಗಳ ನಾಯಕ ಕಮಾಂಡರ್ ಬಬ್ರು ಭಾನ್ ಯಾದವ್ ನಿಪಾತ್‌ನಲ್ಲಿದ್ದರು. ಜೊತೆಗೆ ಕಿಲ್ತಾನ್ ಮತ್ತು ಕಚಲ್ ಎಂಬ ಎರಡು ದೊಡ್ಡ ಹಡಗುಗಳು. ಜಲಾಂತರ್ಗಾಮಿ ಬೇಟೆಗೆಂದು ಸೋವಿಯತ್ ಒಕ್ಕೂಟದಿಂದಲೇ ಕೊಂಡ ಪೆಟ್ಯಾ ವರ್ಗದವು ಅವು.

ಕಿಲ್ತಾನ್‌ನ ಕಮಾಂಡರನ ಪೂರ್ಣ ಹೆಸರು ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲ ರಾವ್. ಹುಟ್ಟಿದ್ದು ಮದುರೆಯಲ್ಲಿ, ಕೊನೆಯ ದಿನ ಕಳೆದದ್ದು ಚೆನ್ನೈಯಲ್ಲಿ. ಊರು ಮಾತ್ರ ಹೆಸರಿನ ಜೊತೆ ಹೋಯಿತು. ದೆಹಲಿಯ ಗೆಜೆಟ್‌ನಲ್ಲಿ ಅಚ್ಚಾದ ಮಹಾವೀರ ಚಕ್ರದ ಪ್ರಶಸ್ತಿ ಬರಹದಲ್ಲೂ ಆ ಕಾಸರಗೋಡು ಹಾಗೆಯೇ ಉಳಿದಿದೆ. ಆ ರಾತ್ರಿಯ ಕಥೆ ಹೇಳುವವರು ಕ್ಷಿಪಣಿ ಹಾರಿಸಿದವರನ್ನು ಹೆಸರಿಸುವಷ್ಟು ಉತ್ಸಾಹದಿಂದ ಕಿಲ್ತಾನ್ ಅನ್ನು ಹೆಸರಿಸುವುದಿಲ್ಲ. ಅದು ನ್ಯಾಯವಲ್ಲ. ಓಸಾಗಳಿಗೆ ಜಲಾಂತರ್ಗಾಮಿಯ ಸುಳಿವು ಹಿಡಿಯುವ ಸಾಧನವಿರಲಿಲ್ಲ, ದಾರಿಯಲ್ಲಿ ಕೆಟ್ಟು ನಿಂತರೆ ಎಳೆದು ತರುವವರು ಬೇರೆ ಇರಲಿಲ್ಲ. ಶತ್ರುವಿನ ವಿಮಾನಗಳು ಹಾರುವ ಕಡಲಿಗೆ ಆ ಎಲ್ಲ ಹೊಣೆ ಹೊತ್ತು ಹೋದವು ಈ ಎರಡು ನಿಧಾನದ ಹಡಗುಗಳು. ಇಡೀ ಗುಂಪನ್ನು ಮುನ್ನಡೆಸಿದ್ದಕ್ಕೇ ಗೋಪಾಲ ರಾವ್ ಅವರಿಗೆ ಪದಕ ಬಂತು.

ಯೋಜನೆ ಸೂರ್ಯನನ್ನು ನೋಡಿಕೊಂಡು ಮಾಡಿದ್ದು. ಪಾಕಿಸ್ತಾನದ ಬಹುಪಾಲು ವಿಮಾನಗಳಿಗೆ ರಾತ್ರಿ ಕಡಲ ಮೇಲೆ ದಾಳಿ ಮಾಡುವ ಶಕ್ತಿಯಿರಲಿಲ್ಲ. ಹಗಲಲ್ಲಿ ಸಿಕ್ಕಿಬಿದ್ದರೆ ಓಸಾದ ಗತಿ ಮುಗಿದಂತೆ. ಆದ್ದರಿಂದ ಹಗಲೆಲ್ಲ ಕರಾಚಿಯ ದಕ್ಷಿಣಕ್ಕೆ ಸುಮಾರು 250 ನಾಟಿಕಲ್ ಮೈಲಿ ದೂರದಲ್ಲಿ, ಗಸ್ತು ವಿಮಾನಗಳ ಕಣ್ಣಿಗೆ ಬೀಳದಂತೆ ಕಾಯುವುದು. ಕತ್ತಲಾಗುತ್ತಲೇ ಓಡುವುದು, ಹೊಡೆಯುವುದು, ಬೆಳಗಾಗುವಷ್ಟರಲ್ಲಿ ಆದಷ್ಟು ದೂರ ಬಂದುಬಿಡುವುದು. ಪಾಕಿಸ್ತಾನವೇ ಒಂದು ಉಪಕಾರ ಮಾಡಿಕೊಟ್ಟಿತ್ತು. ಸೂರ್ಯ ಮುಳುಗಿದ ಮೇಲೆ ಬೆಳಗಿನವರೆಗೆ ಕರಾಚಿಯಿಂದ 75 ಮೈಲಿಯ ಒಳಗೆ ಯಾವ ವ್ಯಾಪಾರಿ ಹಡಗೂ ಬರಬಾರದೆಂದು ಅದು ಸಾರಿತ್ತು. ಅಂದ ಮೇಲೆ ರಾತ್ರಿ ಆ ವೃತ್ತದೊಳಗೆ ರಡಾರಿಗೆ ಸಿಕ್ಕಿದ್ದೆಲ್ಲ ಪಾಕಿಸ್ತಾನದ ಯುದ್ಧನೌಕೆಯೇ ಇರಬೇಕೆಂದು ನಮ್ಮವರು ಲೆಕ್ಕ ಹಾಕಿದರು.

ರಡಾರಿನ ವಿಷಯದಲ್ಲಿ ಹವಾಮಾನವೂ ಜೊತೆಗೂಡಿತು. ಚಳಿಗಾಲದಲ್ಲಿ ಅರಬ್ಬಿ ಸಮುದ್ರದ ತೇವದ ಗಾಳಿಯ ಮೇಲೆ ನೆಲದ ಒಣ ಗಾಳಿ ಹಾಸಿಕೊಂಡಾಗ ರಡಾರ್ ಅಲೆಗಳು ನೇರ ಹೋಗದೆ ನೀರಿನ ಮೇಲೆಯೇ ಬಾಗಿ ಸಾಗುತ್ತವೆ. ದಿಗಂತದ ಆಚೆಗಿನ ಹಡಗೂ ತೆರೆಯ ಮೇಲೆ ಚುಕ್ಕಿಯಾಗಿ ಮೂಡುತ್ತದೆ. ಆ ರಾತ್ರಿ ಗುರಿಗಳು ಕಂಡದ್ದು ಸುಮಾರು 70 ನಾಟಿಕಲ್ ಮೈಲಿ ದೂರದಿಂದ. ದೋಣಿಗಳ ನಡುವಿನ ರೇಡಿಯೊ ಮಾತು ರಷ್ಯನ್‌ನಲ್ಲಿ ನಡೆಯಿತು. ವ್ಲಾಡಿವೊಸ್ಟಾಕ್‌ನ ಕಲಿಕೆ ಹೀಗೂ ಕೆಲಸಕ್ಕೆ ಬಂತು, ಕದ್ದು ಕೇಳುವವರಿಗೆ ತಲೆಬುಡ ತಿಳಿಯಲಿಲ್ಲ.

ಮೊದಲು ಹಾರಿಸಿದ್ದು ಲೆಫ್ಟಿನೆಂಟ್ ಕಮಾಂಡರ್ ಐ. ಜೆ. ಶರ್ಮಾ ಅವರ ನಿರ್ಘಾತ್, ರಾತ್ರಿ ಹತ್ತೂಮುಕ್ಕಾಲರ ಸುಮಾರಿಗೆ. ಗುರಿ ಖೈಬರ್. ಆರು ವರ್ಷ ಹಿಂದೆ ದ್ವಾರಕೆಗೆ ಬಂದಿದ್ದ ಅದೇ ಖೈಬರ್, ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಕಟ್ಟಿದ ದೊಡ್ಡ ವಿಧ್ವಂಸಕ ನೌಕೆ. ಕತ್ತಲಲ್ಲಿ ಬೆಳಕೊಂದು ತಮ್ಮತ್ತ ಬರುತ್ತಿರುವುದನ್ನು ಅದರ ಕಾವಲಿನವರು ಕಂಡರು, ವಿಮಾನ ಎಂದುಕೊಂಡರು, ವಿಮಾನಕ್ಕೆ ಹೊಡೆಯುವ ತೋಪುಗಳಿಂದ ಗುಂಡು ಹಾರಿಸಿದರು. ಕ್ಷಿಪಣಿ ಎಂಬ ಯೋಚನೆಯೇ ಅವರಿಗೆ ಬರಲಿಲ್ಲ. ಮೊದಲ ಪೆಟ್ಟಿನ ಮೇಲೆ ಕರಾಚಿಗೆ ಹೋದ ಸಂದೇಶವೂ ಶತ್ರು ವಿಮಾನದ ದಾಳಿ ಎಂದೇ ಹೇಳಿತು. ಅದರಲ್ಲಿ ಹೇಳಿದ ಸ್ಥಳವೂ ತಪ್ಪಿತ್ತು. ಎರಡನೇ ಕ್ಷಿಪಣಿ ಬಡಿದ ಮೇಲೆ ಹಡಗು ಹೆಚ್ಚು ಹೊತ್ತು ತೇಲಲಿಲ್ಲ. 222 ನಾವಿಕರು ಅದರೊಂದಿಗೆ ಹೋದರು. ಸ್ಥಳ ತಪ್ಪಿದ್ದರಿಂದ ಬದುಕುಳಿದವರನ್ನು ಹುಡುಕುವುದೂ ತಡವಾಯಿತು.

ಹನ್ನೊಂದರ ಹೊತ್ತಿಗೆ ಬಿ. ಎನ್. ಕವೀನಾ ಅವರ ನಿಪಾತ್ ಎರಡು ಗುರಿಗಳ ಮೇಲೆ ಹಾರಿಸಿತು. ಸೈಗಾನ್‌ನಿಂದ ಮದ್ದುಗುಂಡು ಹೊತ್ತು ಬರುತ್ತಿದ್ದ ವೀನಸ್ ಚಾಲೆಂಜರ್ ಎಂಬ ಸರಕು ಹಡಗು ಮುಳುಗಿತು. ಷಾ ಜಹಾನ್ ಬಲವಾದ ಪೆಟ್ಟು ತಿಂದಿತೆಂದು ನಮ್ಮ ನೌಕಾಪಡೆಯ ಇತಿಹಾಸ ಹೇಳುತ್ತದೆ. ಓ. ಪಿ. ಮೆಹ್ತಾ ಅವರ ವೀರ್ ಹೊಡೆದದ್ದು ಮುಹಾಫಿಜ್ ಎಂಬ ಸಣ್ಣ ಮೈನ್‌ಸ್ವೀಪರ್ ಅನ್ನು. ಒಂದು ಸಂದೇಶ ಕಳಿಸುವ ಅವಕಾಶವೂ ಸಿಗದೆ ಅದು ಸಿಡಿದು ಹೋಯಿತು, 33 ಮಂದಿ ಸತ್ತರು. ಆಮೇಲೆ ನಿಪಾತ್ ಕರಾಚಿಗೆ 14 ನಾಟಿಕಲ್ ಮೈಲಿ ಹತ್ತಿರ ಹೋಗಿ ಬಂದರಿನ ಕೆಮಾರಿಯ ತೈಲದ ಟ್ಯಾಂಕುಗಳತ್ತ ಉಳಿದ ಎರಡು ಕ್ಷಿಪಣಿ ಹಾರಿಸಿತು. ಒಂದು ಕೈಕೊಟ್ಟಿತು, ಒಂದು ತಗಲಿತು. ಹಡಗಿಗೆಂದು ಮಾಡಿದ ಕ್ಷಿಪಣಿಯನ್ನು ನೆಲದ ಟ್ಯಾಂಕಿನ ಮೇಲೆ ಬಿಟ್ಟದ್ದು ಆಗ ಯಾವ ಕೈಪಿಡಿಯಲ್ಲೂ ಇರದ ಪ್ರಯೋಗ.

ಮೂರೂ ದೋಣಿ, ಎರಡೂ ಹಡಗು ಹಿಂತಿರುಗಿದವು. ನಮ್ಮ ಕಡೆ ಒಬ್ಬರೂ ಸಾಯಲಿಲ್ಲ.

ಕೆಮಾರಿಯ ಬೆಂಕಿ ಯಾರದು ಎಂಬುದರ ಮೇಲೆ ಇವತ್ತಿಗೂ ನೌಕಾಪಡೆಯವರೂ ವಾಯುಪಡೆಯವರೂ ಎಳೆದಾಡುತ್ತಾರೆ. ಜಾಮ್‌ನಗರದಿಂದ ಹೋದ ಹಂಟರ್ ವಿಮಾನಗಳು ಡಿಸೆಂಬರ್ 4ರ ಬೆಳಗ್ಗೆಯೇ ಆ ಟ್ಯಾಂಕುಗಳ ಮೇಲೆ ದಾಳಿ ಮಾಡಿದ್ದವು. ಎರಡೂ ಪಡೆಗಳ ನೆನಪಿನ ಪುಸ್ತಕಗಳನ್ನು ಒಟ್ಟಿಗೆ ಓದಿದರೆ ಒಂದೇ ಬೆಂಕಿಯನ್ನು ಎರಡು ಸಲ ಹಚ್ಚಿದಂತೆ ಕಾಣುತ್ತದೆ. ನನಗನ್ನಿಸುವಂತೆ ಇದು ದೊಡ್ಡ ಜಗಳವಲ್ಲ. ಮೂರು ದೋಣಿಗಳು ಆ ರಾತ್ರಿ ಮಾಡಿದ ನಿಜವಾದ ಹಾನಿ ತೈಲದ್ದಲ್ಲ, ಧೈರ್ಯದ್ದು. ಡಿಸೆಂಬರ್ 6ರಂದು ಪಾಕಿಸ್ತಾನದ ಸೇಬರ್ ವಿಮಾನಗಳು ಕರಾಚಿಯ ಪಶ್ಚಿಮಕ್ಕೆ ಒಂದು ‘ಭಾರತೀಯ ಕ್ಷಿಪಣಿ ದೋಣಿ’ಯನ್ನು ಕಂಡು ಮೇಲೆರಗಿದವು. ಅದು ಅವರದೇ ಫ್ರಿಗೇಟ್ ಜುಲ್ಫಿಕರ್ ಆಗಿತ್ತು. ಕಣಜದ ಹೆದರಿಕೆ ಹತ್ತಿದವರಿಗೆ ನೊಣವೂ ಕಣಜವೇ.

ಎರಡನೇ ದಾಳಿ ‘ಪೈಥಾನ್’ ಡಿಸೆಂಬರ್ 8ರ ರಾತ್ರಿ. ಈ ಸಲ ಹೋದದ್ದು ವಿಜಯ್ ಜೇರಥ್ ಅವರ ವಿನಾಶ್ ಒಂದೇ, ಬೆಂಗಾವಲಿಗೆ ತಲ್ವಾರ್ ಮತ್ತು ತ್ರಿಶೂಲ್ ಫ್ರಿಗೇಟ್‌ಗಳು. ಕಡಲು ಕೆರಳಿತ್ತು. ವಿನಾಶ್ ನಾಲ್ಕು ಕ್ಷಿಪಣಿಗಳನ್ನು ಹಾರಿಸಿತು. ಒಂದು ಕೆಮಾರಿಗೆ. ಉಳಿದ ಮೂರು ಮೂರು ಹಡಗುಗಳಿಗೆ: ಪಾಕಿಸ್ತಾನದ ತೈಲ ಹಡಗು ಢಾಕಾ, ಬ್ರಿಟನ್ನಿನ ಹರ್ಮಟ್ಟನ್, ಪನಾಮಾ ಧ್ವಜದ ಗಲ್ಫ್ ಸ್ಟಾರ್. ಕೊನೆಯದು ಮುಳುಗಿತು. ಯುದ್ಧದಲ್ಲಿ ಪಾಲಿಲ್ಲದ ಹಡಗುಗಳಿಗೂ ಪೆಟ್ಟು ಬಿದ್ದದ್ದನ್ನು ನಮ್ಮ ವಿಜಯಗಾಥೆಗಳು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತವೆ. ಕ್ಷಿಪಣಿಯ ಕಣ್ಣಿಗೆ ಬಾವುಟ ಕಾಣುವುದಿಲ್ಲ. ಅದಕ್ಕೆ ಕಾಣುವುದು ಕಬ್ಬಿಣ ಮಾತ್ರ. ಅದಾದ ಮೇಲೆ ಹೊರದೇಶದ ಹಡಗುಗಳು ಕರಾಚಿಯಿಂದ ಹೊರಬೀಳಲು ಭಾರತದ ಅಭಯ ಕೇಳಿದವು, ಬಂದರು ಹೆಚ್ಚುಕಡಿಮೆ ಮುಚ್ಚಿಕೊಂಡಿತು.

ಮರುರಾತ್ರಿ, ಡಿಸೆಂಬರ್ 9ರಂದು, ದೀವ್ ಹತ್ತಿರ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಹಾರಿಸಿದ ಟಾರ್ಪಿಡೊಗೆ ನಮ್ಮ ಫ್ರಿಗೇಟ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಸಣ್ಣ ದೋಣಿಗಳ ಗೆಲುವಿನ ಹುರುಪಿನಲ್ಲಿ ಈ ರಾತ್ರಿಯನ್ನು ಬೇರೆ ಅಧ್ಯಾಯಕ್ಕೆ ಹಾಕುವುದು ರೂಢಿ. ಆದರೆ ಎರಡೂ ಒಂದೇ ಕಡಲಿನಲ್ಲಿ, ಒಂದೇ ವಾರದಲ್ಲಿ ನಡೆದವು. ಹಂಗೋರ್ ಆ ದಿನಗಳಲ್ಲಿ ಸೌರಾಷ್ಟ್ರದ ತೀರದಲ್ಲಿ ಸುಳಿದಾಡುತ್ತಿದ್ದುದನ್ನು ನೆನೆದರೆ ಓಸಾಗಳ ಜೊತೆ ಕಿಲ್ತಾನ್ ಮತ್ತು ಕಚಲ್ ಯಾಕೆ ಹೋಗಲೇಬೇಕಿತ್ತು ಎಂಬುದು ಅರ್ಥವಾಗುತ್ತದೆ.

ಟ್ರೈಡೆಂಟ್ ನಡೆದ ಡಿಸೆಂಬರ್ 4 ನೌಕಾಪಡೆಯ ದಿನವಾಯಿತು. ಯಾದವ್ ಅವರಿಗೂ ಮಹಾವೀರ ಚಕ್ರ, ಮೂರು ದೋಣಿಗಳ ಕಮಾಂಡರುಗಳಿಗೂ ಜೇರಥ್ ಅವರಿಗೂ ವೀರ ಚಕ್ರ ಬಂದವು. ಗೋಪಾಲ ರಾವ್ 2021ರ ಆಗಸ್ಟಿನಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ನಾಲ್ಕು ತಿಂಗಳ ಮೇಲೆ, ಡಿಸೆಂಬರ್ 8ರಂದು, ಕ್ಷಿಪಣಿ ದೋಣಿಗಳ ದಳಕ್ಕೆ ಮುಂಬೈಯಲ್ಲಿ ರಾಷ್ಟ್ರಪತಿಗಳ ಧ್ವಜ ಗೌರವ ಸಿಕ್ಕಿತು.

1976ರಿಂದ ಬಂದ ಎರಡನೇ ತಂಡದ ಎಂಟು ಓಸಾಗಳಲ್ಲಿ ಒಂದು ನಮ್ಮ ಚಪಲ್. ಎಂಜಿನ್‌ಗಳು ಇನ್ನೂ ಬಲವಾದವು, ಒಂದೊಂದಕ್ಕೆ 5,000 ಅಶ್ವಶಕ್ತಿ. ಯುದ್ಧ ಅದರ ಪಾಲಿಗೆ ಬರಲಿಲ್ಲ. 2005ರ ಮೇ 5ರಂದು ಅದು ನಿವೃತ್ತವಾಯಿತು. ಅದೇ ತಿಂಗಳ 31ಕ್ಕೆ ಕಾರವಾರದ ಅರ್ಗಾದಲ್ಲಿ ಐಎನ್ಎಸ್ ಕದಂಬ ನೌಕಾನೆಲೆ ಕೆಲಸ ಆರಂಭಿಸಿತು. ಕರಾಚಿಯ ವಿಮಾನಗಳಿಗೆ ಮುಂಬೈಗಿಂತ ದೂರವಾದ ಜಾಗ ಬೇಕೆಂಬುದು ಆ ನೆಲೆಯ ಹಿಂದಿನ ಲೆಕ್ಕಗಳಲ್ಲಿ ಒಂದು. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟ ಮೇಲೆ ಅದಕ್ಕಾಗಿ ಮನೆ, ಗದ್ದೆ, ದೋಣಿ ತಂಗುವ ಮರಳು ಬಿಟ್ಟು ಎದ್ದ ಊರಿನವರ ಕಥೆ ಬೇರೆಯೇ ಲೇಖನ ಕೇಳುತ್ತದೆ.

ಕಡಲಿನಿಂದ 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೂ ಈ ದೋಣಿಗಳಿಗೂ ಏನು ಸಂಬಂಧ ಎಂದು ಕೇಳುವವರು ವೈಟ್‌ಫೀಲ್ಡ್ ದಾರಿಯಲ್ಲಿ ಮಾರತ್‌ಹಳ್ಳಿಗೆ ಮುಂಚೆ ಸಿಗುವ ಎಚ್ಎಎಲ್ ಗೋಡೆಯ ಒಳಗೆ ನೋಡಬೇಕು. ವಿಮಾನಕ್ಕೆ ಹೆಸರಾದ ಆ ಕಾರ್ಖಾನೆಯಲ್ಲಿ ಕೈಗಾರಿಕೆ ಮತ್ತು ಹಡಗುಗಳ ಗ್ಯಾಸ್ ಟರ್ಬೈನಿಗೆಂದೇ ಒಂದು ವಿಭಾಗವಿದೆ. ವಿಮಾನವಾಹಕ ವಿಕ್ರಾಂತ್‌ನ ನಾಲ್ಕು ಎಲ್‌ಎಂ-2500 ಎಂಜಿನ್‌ಗಳನ್ನು ಜೋಡಿಸಿದ್ದು ಅಲ್ಲಿ. 2023ರ ಮಾರ್ಚ್ 30ರಂದು ರಕ್ಷಣಾ ಸಚಿವಾಲಯ ಕೊಚ್ಚಿಯ ಹಡಗುಕಟ್ಟೆಗೆ ₹9,805 ಕೋಟಿಗೆ ಆರು ಹೊಸ ತಲೆಮಾರಿನ ಕ್ಷಿಪಣಿ ನೌಕೆಗಳ ಕೆಲಸ ಒಪ್ಪಿಸಿತು. ಅವಕ್ಕೂ ಇದೇ ಎಲ್‌ಎಂ-2500, ಜೋಡಣೆ ಇದೇ ವಿಭಾಗದ್ದು. ಅದೇ ದಿನ ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ 1954ರಿಂದ ಇರುವ ಬಿಇಎಲ್‌ಗೆ ಗಸ್ತು ನೌಕೆಗಳ ತೋಪುಗಳಿಗೆ ಗುರಿ ಹಿಡಿದು ಕೊಡುವ 13 ಲಿಂಕ್ಸ್-ಯು2 ವ್ಯವಸ್ಥೆಗಳ ಆದೇಶ ಬಂತು, ₹1,700 ಕೋಟಿಗೂ ಮೇಲೆ.

ಹೊಸ ಕ್ಷಿಪಣಿ ನೌಕೆಗಳ ವೇಗ 33 ನಾಟ್, ಹಳೆಯ ಓಸಾಕ್ಕಿಂತ ಕಡಿಮೆ. ಗಾತ್ರ ಮಾತ್ರ ಹಲವು ಪಟ್ಟು. ತಾವೇ ದೂರ ಹೋಗಿ ಹೊಡೆದು ತಾವೇ ಬರಬೇಕು, ಎಳೆಯಲು ಯಾರೂ ಜೊತೆ ಹೋಗುವುದಿಲ್ಲ ಎಂಬ ಲೆಕ್ಕದ ಮೇಲೆ ಕಟ್ಟುತ್ತಿರುವ ಹಡಗುಗಳು ಅವು.